ಮೊಹರು ಒತ್ತಿದ ಅಲಸಂದೆ

ಬೀಜ ಪರಿವೀಕ್ಷಕನಾಗಿ ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸುತ್ತುವ ನಾನು ದಿನಾ ಬೆಳಿಗ್ಗೆ ಮುಖ ಗಂಟಿಕ್ಕಿಕೊಂಡೇ ಹೊರಡುತ್ತೇನೆ. ಸಂಜೆವರೆಗೆ ಆ ಗಂಟು ಉಳಿದ ದಿನ ನೆನಪಿಲ್ಲ.

ಬೀಗಿತಿಗೊಂದು ಪತ್ರ

ರಾವಂದೂರಿನ ರೈತರ ಸಭೆಯಲ್ಲಿ ಬೀಜ ಕಾಯ್ದೆಯನ್ನು ಗಂಟಲು ಹರಿಯುವಂತೆ ವಿವರಿಸಿದೆ. ಕಳಪೆ ಬೀಜ ಮಾರಿದರೆ ಮೊದಲ ಸಲ ದಂಡ, ಮತ್ತೆ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲೂ ಆಗಬಹುದು ಎಂದೆ. ಮುಂದೆ ಕೂತಿದ್ದ ಅಜ್ಜಿಯೊಬ್ಬರು ಎದ್ದು ನಿಂತರು.

"ಬೀಗಿತಿಗೆ ಒಂದ್ ಸೇರು ಅವರೆ ಬೀಜ ಕೊಟ್ಟಿದ್ದೆ ಸಾ. ಒಂದೂ ಮೊಳೀಲಿಲ್ವಂತೆ. ನಂಗೆಷ್ಟು ತಿಂಗಳು?"

"ಮನೆ ಬೀಜ ಕೊಟ್ಟರೆ ತಪ್ಪಿಲ್ಲ ಅಜ್ಜಿ. ಕಾನೂನು ಅಂಗಡಿಯವರಿಗೆ."

"ಅದ್ನೇ ಬರ್ದು ಸೀಲ್ ಹೊಡ್ಕೊಡಿ. ಬಾಯಿ ಮಾತಲ್ಲಿ ಯೋಳುದ್ರೆ ಅವ್ಳು ನಂಬಾಕಿಲ್ಲ."

ಇರೋದೊಂದೇ

ಹ್ಯಾಂಡ್‌ಪೋಸ್ಟಿನಲ್ಲಿ ಒಬ್ಬ ಬೀಜದಂಗಡಿ ಯಜಮಾನರಿದ್ದಾರೆ. ಆಗಲೇ ಒಮ್ಮೆ ದಂಡ ಕಟ್ಟಿದವರು. ದೃಢೀಕರಿಸಿದ ಬೀಜವೆಂದರೆ ಪ್ರತಿ ಚೀಲಕ್ಕೂ ನೀಲಿ ಚೀಟಿ ಹೊಲಿದಿರಬೇಕು. ಇವರಲ್ಲಿ ಹತ್ತು ಚೀಲ ಅಲಸಂದೆ, ಚೀಟಿ ಒಂದೇ. ಗಿರಾಕಿ ಯಾವ ಚೀಲ ಮುಟ್ಟಿದರೆ ಅದಕ್ಕೆ ಪಿನ್ನಿನಲ್ಲಿ ಸಿಕ್ಕಿಸುತ್ತಿದ್ದರು. ನಾನು ಸಿಟ್ಟಿನಿಂದ ಚೀಟಿಗೆ ಕೈ ಹಾಕಿದೆ.

"ಮೆಲ್ಲಗೆ ಸಾ, ಅರ್ದೋದಾತು. ಇರೋದೊಂದೇ!"

ದೇವರ ಗೂಡಿನ ಚೀಲ

ಆ ಅಲಸಂದೆಯಿಂದ ಪರೀಕ್ಷೆಗೆಂದು ಒಂದಿಷ್ಟು ಮಾದರಿ ತೆಗೆದು, ಮೂರು ಪಾಲು ಮಾಡಿ, ಪುಟ್ಟ ಚೀಲಗಳಿಗೆ ತುಂಬಿ, ಅರಗಿನ ಮೊಹರು ಒತ್ತಿದೆ. ಒಂದು ಪ್ರಯೋಗಾಲಯಕ್ಕೆ, ಒಂದು ನನಗೆ, ಒಂದು ಯಜಮಾನರಿಗೆ. "ಕೋರ್ಟಿನಲ್ಲಿ ನಿಮ್ಮನ್ನು ಕಾಯುವುದು ಇದೇ, ಜೋಪಾನ" ಎಂದೆ. ಈ ಸಲ ಜೈಲೇ ಎಂಬ ಭಯಕ್ಕೆ ಅವರು ಅದನ್ನು ದೇವರ ಗೂಡಿನಲ್ಲಿಟ್ಟು ದಿನಾ ಊದುಬತ್ತಿ ಹಚ್ಚಿದರು.

ಮೊಳಕೆ ಸಾಲದೆಂದು ಪ್ರಯೋಗಾಲಯದ ವರದಿ ಬಂತು. ಮಾರನೇ ದಿನವೇ ಯಜಮಾನರು ಅಳುತ್ತಾ ನನ್ನ ಕಚೇರಿಗೆ ಬಂದರು. ಹಿಂದೆ ಅವರ ಹೆಂಡತಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

"ಕೋರ್ಟಿಗಿಟ್ಟಿದ್ದ ಬೀಜನ ಇವ್ಳು ಇತ್ಲಲ್ಲಿ ಬಿತ್ಬುಟ್ಟವ್ಳೆ ಸಾ! ನಾನು ಜೈಲಿಗೋದಂಗೇಯ!"

ಪಾಪ ಅನಿಸಿತು. "ಯಾಕಮ್ಮಾ ಹೀಗೆ ಮಾಡಿದ್ರಿ?" ಎಂದು ಆಕೆಯನ್ನು ಕೇಳಿದೆ.

"ಇವ್ರ್ ಅಂಗ್ಡಿ ಬೀಜದ ಅಣೇಬರ ನಂಗೊತ್ತಿಲ್ವಾ? ಅದ್ರಲ್ಲಿ ಒಂದ್ ಕಾಳೂ ಮುಟ್ಲಿಲ್ಲ. ಸರ್ಕಾರದ ಮೊಹರಿರೋದೇ ಒಳ್ಳೇದು ಅಂತ ನಂಬಿ ಬಿತ್ತುದ್ರೆ ಒಂದೂ ಮೊಳೀಲಿಲ್ಲ. ಇವ್ರಾದ್ರೂ ಬರೀ ಚೀಟಿ ಸಿಕ್ಸುದ್ರು, ನೀವು ಅರಗು ಕಾಸಿ ಮೊಹರೇ ಒತ್ತಿದ್ದೀರಿ! ಈಗ ಯಾರ್ ಮ್ಯಾಲೆ ಕೇಸ್ ಆಕ್ಬೇಕು, ಯೋಳಿ?"

ಯಜಮಾನರ ಅಳು ಗಕ್ಕನೆ ನಿಂತಿತು. ಕಣ್ಣೊರೆಸಿಕೊಂಡು, ನನ್ನ ಕೈ ಹಿಡಿದು ಸಮಾಧಾನ ಹೇಳಿದರು.

"ಎದ್ರುಕೋಬ್ಯಾಡಿ ಸಾ. ನಿಮ್ದು ಮೊದಲ್ನೇ ಸಲ, ಬರೀ ದಂಡ!"