ಮಾವನ ಬೆಳ್ಳಿ ರೂಪಾಯಿಗೆ ಬಿದ್ದ ತೆರಿಗೆ

ಜಿಎಸ್‌ಟಿ ಬಂದದ್ದೇ ತಮ್ಮೊಬ್ಬರನ್ನು ಹಣಿಯಲಿಕ್ಕೆ ಎಂದು ದೃಢವಾಗಿ ನಂಬಿರುವ ಏಕೈಕ ಮನುಷ್ಯ ಚಿತ್ತಾಪುರದ ನನ್ನ ಸೋದರಮಾವ. ವಾಡಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಟ್ಟು ಕೊಟ್ಟು ನಿವೃತ್ತರಾದ ಮೇಲೆ ಅವರಿಗೆ ಹಳೇ ನಾಣ್ಯಗಳ ಹುಚ್ಚು ಹತ್ತಿತು. ಹುಚ್ಚು ಅಂದೆನೇ? ಅತ್ತೆಯ ಪ್ರಕಾರ ಅದು ದೆವ್ವ!

ಹೈದರಾಬಾದಿನ ಹರಾಜುಗಳಿಗೆ ಹೋಗುವರು, ಬರಿಗೈಯಲ್ಲಿ ಬರುವರು. ಕೂಗಿದ ಬೆಲೆಯ ಮೇಲೆ ಹರಾಜಿನವರ ಕಮಿಷನ್, ನಾಣ್ಯಕ್ಕೆ ತೆರಿಗೆ, ಕಮಿಷನ್ನಿಗೆ ಬೇರೆ ತೆರಿಗೆ. ಇಷ್ಟನ್ನೂ ಅಂಗೈ ಮೇಲೆ ಬರೆದು ಕೂಡಿಸಿ ಮಾವ ಕೈ ಎತ್ತುವಷ್ಟರಲ್ಲಿ ನಾಣ್ಯ ಇನ್ನೊಬ್ಬರ ಪಾಲಾಗಿರುತ್ತಿತ್ತು. ಒಮ್ಮೆಯಂತೂ ಬೆರಳೆತ್ತಿ ಎಣಿಸುತ್ತಿದ್ದುದನ್ನೇ ಕೂಗೆಂದು ತಿಳಿದು, ಬೇಡದ ತಾಮ್ರದ ಬಿಲ್ಲೆಯೊಂದನ್ನು ಅವರ ತಲೆಗೆ ಕಟ್ಟಿದರು. ತೆರಿಗೆ ಸಮೇತ!

ಹೋದ ಸಲ ಲೆಕ್ಕ ಹಾಕಲು ನನ್ನನ್ನು ಕರೆದೊಯ್ದರು. ನಿಜಾಮರ ಕಾಲದ ಬೆಳ್ಳಿ ರೂಪಾಯಿ ಹರಾಜಿಗೆ ಬಂದದ್ದೇ ತಡ, ಲೆಕ್ಕವನ್ನೂ ನನ್ನನ್ನೂ ಮರೆತು ಕೈ ಎತ್ತಿದರು. ಇಳಿಸಲೇ ಇಲ್ಲ. ನಾಣ್ಯ ಸಿಕ್ಕಿತು. ಬಿಲ್ಲೂ ಬಂತು.

ಕೌಂಟರಿನಲ್ಲಿದ್ದವಳು ಬೀದರ ಕಡೆಯ ಹುಡುಗಿ.

“ಇದು ಆಗಿನ ಕಾಲಕ್ಕೇ ನಿಜಾಮಗ ತೆರಿಗಿ ಕಟ್ಟಿದ ರೊಕ್ಕ ಅದ ಯವ್ವಾ. ತೆರಿಗಿಗೇ ತೆರಿಗಿ ಹ್ಯಾಂಗ ಹಾಕ್ತೀರಿ?” ಎಂದರು ಮಾವ.

ಈ ರೂಪಾಯಿ ಈಗ ಸಂತೆಯಲ್ಲಿ ನಡೆಯುವುದಿಲ್ಲ, ಆದ್ದರಿಂದ ಇದು ಸಾಮಾನು, ಸಾಮಾನಿಗೆ ತೆರಿಗೆ ಇದ್ದೇ ಇದೆ ಎಂದು ಆಕೆ ತಣ್ಣಗೆ ತಿಳಿಹೇಳಿದಳು. ಮಾವನ ಜೇಬು ಬರಿದಾಗಿ, ನನ್ನ ಬಿರಿಯಾನಿಯ ದುಡ್ಡೂ ಸರ್ಕಾರಕ್ಕೆ ಸಂದಿತು. ಒಂದು ಪೊಟ್ಟಣ ಶೇಂಗಾ ಹಂಚಿಕೊಂಡು ರೈಲಿನಲ್ಲಿ ಕೂತೆವು. ಸೇಡಂ ದಾಟುವವರೆಗೂ ಮಾವ ಸರ್ಕಾರವನ್ನು ಬೈದರು. ಚಿತ್ತಾಪುರದಲ್ಲಿ ಇಳಿದ ಮೇಲೆ ಉಳಿದದ್ದನ್ನು ಬೈದರು.

ಮರುದಿನ ಬೆಳಿಗ್ಗೆ ಹಾಲಿನವನು ಬಂದ. ಮಾವನ ತಾಯಿಗೆ, ಅಂದರೆ ನನ್ನ ಅಜ್ಜಿಗೆ, ತೊಂಬತ್ತು ದಾಟಿದೆ. ಈಗಿನ ನೋಟುಗಳ ಗುರುತು ಹತ್ತುವುದಿಲ್ಲ. ಹಾಲು ತರುವ ಬಡವನಿಗೆ ಕಾಗದ ಕೊಟ್ಟು ಮೋಸ ಮಾಡುತ್ತಿದ್ದೀರೆಂದು ದಿನಾ ಅಳುತ್ತಾಳೆ.

ಮಾವ ಆ ರೂಪಾಯಿಯನ್ನು ಅವಳ ಕೈಯಲ್ಲಿಟ್ಟರು. ಅಜ್ಜಿ ಅದನ್ನು ನೆಲದ ಫರಸಿಕಲ್ಲಿನ ಮೇಲೆ ಹೊಡೆದು ಸಪ್ಪಳ ಕೇಳಿದಳು. ಮುಖ ಅರಳಿತು.

“ತಗೋ ಯಪ್ಪಾ. ಕೊಡೂದು ಭಾಳ ತಡ ಆತು, ಸಿಟ್ಟ ಮಾಡ್ಕೋಬ್ಯಾಡ.”

ಹಾಲಿನವನು ಅದನ್ನು ಕಣ್ಣಿಗೊತ್ತಿ ಜೇಬಿಗಿಳಿಸಿದ. ಅಂಗಳ ದಾಟಿದ ಮೇಲೆ, ಅಜ್ಜಿಯ ಕಣ್ಣಿಗೆ ಬೀಳದಂತೆ, ಮಾವನ ಕೈಗೆ ಮರಳಿಸಿದ. ಮಾವ ಅದನ್ನು ಧೋತರದ ಚುಂಗಿನಿಂದ ಒರೆಸಿ, ನಾಳೆ ಬೆಳಿಗ್ಗೆಗೆಂದು ಗೋಡೆಯ ಗೂಡಿನಲ್ಲಿಟ್ಟರು.