ಸಾರಜನಕವಿಲ್ಲದ ಕ್ಯಾಂಟೀನು

ಟೊಕಾಚಿ ಬಯಲಿನ ನಮ್ಮ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ನಡೆದ ಈ ಸಂಗತಿಯ ಪ್ರತಿ ಅಕ್ಷರವೂ ನಿಜ. ಕೇಂದ್ರದ ಉಗ್ರಾಣ ನನ್ನ ಸುಪರ್ದಿನಲ್ಲಿದೆ. ಅಲ್ಲಿ ಸುಳ್ಳು ಇಡಲು ಕಪಾಟಿಲ್ಲ.

ಗುತ್ತಿಗೆ ಸಂಶೋಧಕಿ ಮಿನೆಗಿಶಿ ಅವರು ಸೋಯಾ ಹೊಲದ ಮಣ್ಣಿನಿಂದ ಬ್ಯಾಕ್ಟೀರಿಯಾ ಬೇರ್ಪಡಿಸುತ್ತಿದ್ದರು. ಗಾಜಿನ ತಟ್ಟೆಯ ಪೋಷಕ ಮಾಧ್ಯಮದಲ್ಲಿ, ಅಂದರೆ ಅವು ತಿಂದು ಬೆಳೆಯುವ ಪಾಕದಲ್ಲಿ, ಸಕ್ಕರೆ, ಉಪ್ಪು ಎಲ್ಲ ಇಟ್ಟು ಸಾರಜನಕವನ್ನು ಮಾತ್ರ ಇಡುವುದಿಲ್ಲ. ಅದನ್ನು ಗಾಳಿಯಿಂದಲೇ ಹಿಡಿದುಕೊಳ್ಳಬಲ್ಲಂಥವು ಬೆಳೆಯುತ್ತವೆ, ಮಿಕ್ಕವು ಸೊರಗುತ್ತವೆ. ನಿರ್ದೇಶಕ ದೋಗಾಕಿ ಅವರು ಇದನ್ನು ನೋಡಿ ಕಣ್ಣೊರೆಸಿಕೊಂಡರು. ಇಂಥ ನೌಕರರು ಸಿಕ್ಕಿದ್ದರೆ ಎಂದರು.

ಮರುದಿನ ಪ್ರಕಟಣೆ ಹೊರಬಿತ್ತು: "ಕ್ಯಾಂಟೀನಿನಲ್ಲಿ ಇನ್ನು ಮುಂದೆ ಸಾರಜನಕವಿರುವ ಮೀನು, ಮೊಟ್ಟೆ, ತೋಫು ಇರತಕ್ಕದ್ದಲ್ಲ. ಆಲೂಗಡ್ಡೆ ಹಿಟ್ಟಿನ ಗಂಜಿ ಮಾತ್ರ. ಮನೆಯ ಬುತ್ತಿಯನ್ನು ಕಲಬೆರಕೆ ಎಂದು ಪರಿಗಣಿಸಲಾಗುವುದು. ಹಿಮ ಬೀಳುವ ಹೊತ್ತಿಗೆ ತೂಕ ಹೆಚ್ಚಿದವರ ನೌಕರಿ ಕಾಯಂ, ಇಳಿದವರು ಮನೆಗೆ."

ಆದರೆ ಊರಾಚೆ ಹೋದವರು ಕಚೇರಿಗೆಲ್ಲ ತಿಂಡಿಯ ಡಬ್ಬಿ ತರುವ ಮರ್ಯಾದೆಯನ್ನು ಯಾವ ನಿರ್ದೇಶಕರೂ ರದ್ದು ಮಾಡಲಾರರು. ಮಣ್ಣು ತರಲು ಊರಾಚೆ ಹೋಗುವವರು ಮಿನೆಗಿಶಿ ಒಬ್ಬರೇ. ಪ್ರತಿ ಸಲ ಒಣಮೀನು, ಮೀನಿನ ವಡೆ ಬಂತು. ತಂದವರು ಕೊನೆಗೆ ತೆಗೆದುಕೊಳ್ಳುವುದೂ ಮರ್ಯಾದೆಯೇ. ಅವರ ಸರದಿ ಬರುವ ಹೊತ್ತಿಗೆ ಡಬ್ಬಿ ಖಾಲಿ.

"ಸಮುದ್ರದ ಕಡೆ ಮಣ್ಣು ಇನ್ನೂ ನೋಡೇ ಇಲ್ವಲ್ಲಮ್ಮಾ," ಎಂದು ಲೆಕ್ಕಿಗ ಕುಸಾಜಿಮಾ, ಕೇವಲ ವಿಜ್ಞಾನದ ಮೇಲಿನ ಪ್ರೀತಿಯಿಂದ, ನೆನಪಿಸುತ್ತಿದ್ದ.

ತೂಕದ ದಿನ ನಾವೆಲ್ಲ ಉಬ್ಬಿದ್ದೆವು. ನಾನು ಹತ್ತಿದಾಗ ಯಂತ್ರ ಕ್ಷಮೆ ಕೇಳಿತು. ಮಿನೆಗಿಶಿ ಹತ್ತಿದ್ದು ಅದಕ್ಕೆ ಗೊತ್ತೇ ಆಗಲಿಲ್ಲ.

"ಎಲ್ರೂ ಗಾಳಿ ಕುಡ್ದು ಬೆಳೆದ್ರು, ನಿಂಗೇನಮ್ಮ ಬಂತು?" ಎಂದರು ನಿರ್ದೇಶಕರು.

ಮಿನೆಗಿಶಿ ತಮ್ಮ ಗಾಜಿನ ತಟ್ಟೆ ತೋರಿಸಿದರು. "ನಡುವೆ ದೊಡ್ಡ ಚುಕ್ಕೆ ಇದೆಯಲ್ಲ ಸಾರ್, ಸಾರಜನಕ ಹಿಡಿಯೋದು ಅದೊಂದೇ. ಸುತ್ತ ಇರೋವು ಅದರಿಂದ ಸೋರಿದ್ದು ತಿಂದ್ಕೊಂಡು ಇರ್ತವೆ."

"ಅಂದ್ರೆ ನೀನಿಲ್ದೆ ಇವ್ರು ಬೆಳೆಯಲ್ಲ?"

"ಇಲ್ಲ ಸಾರ್."

ನಿರ್ದೇಶಕರು ದೀರ್ಘವಾಗಿ ಯೋಚಿಸಿದರು. "ಹಾಗಾದ್ರೆ ನೀನು ನೌಕರಳೇ ಅಲ್ಲ. ಪೋಷಕ ಮಾಧ್ಯಮ."

ನಿಯಮದಂತೆ ನಾವು ಕಾಯಂ ಆದೆವು. ಮಿನೆಗಿಶಿ ಅವರನ್ನು ನೌಕರಿಯಿಂದ ಬಿಡುಗಡೆ ಮಾಡಿ, ಸಕ್ಕರೆಗೂ ಸುಣ್ಣಕ್ಕೂ ನಡುವೆ, ಉಗ್ರಾಣದ ದಾಸ್ತಾನಿಗೆ ನಾನೇ ಜಮಾ ಮಾಡಿಕೊಂಡೆ. ಅವರ ಮುಖ ಸಪ್ಪಗಾಯಿತು. ದಾಸ್ತಾನನ್ನು ಯಾರೂ ಮನೆಗೆ ಕಳಿಸುವಂತಿಲ್ಲ, ಕಡಿಮೆಯಾದರೆ ತಕ್ಷಣ ತುಂಬಿಸಬೇಕು ಎಂದು ನಿಯಮ ಓದಿ ಹೇಳಿದೆ.

"ತುಂಬ್ಸೋದು ಅಂದ್ರೆ ಊಟ ಹಾಕೋದಾ ಅಂಕಲ್?"

"ಹಾಕ್ಲೇಬೇಕು ತಾಯಿ. ದಾಸ್ತಾನು ಇಳಿದ್ರೆ ನನ್ನ ಕುತ್ತಿಗೆಗೆ ಬರುತ್ತೆ."

ಅವರು ಕೂಡಲೇ ಒಪ್ಪಿ, ಮೂರು ಮೊಟ್ಟೆ ಕೇಳಿದರು. ಈಗ ಕೇಂದ್ರದಲ್ಲಿ ಮೊಟ್ಟೆ ಸಿಗುವುದು ಅವರೊಬ್ಬರಿಗೇ. ಅವರ ಕೋಟಿನ ಮೇಲೆ 'ತಂಪು ಜಾಗದಲ್ಲಿಡಿ' ಎಂಬ ಚೀಟಿ ಅಂಟಿಸಿದ್ದೇವೆ.

ಇಷ್ಟರಲ್ಲಿ ನಾನು ಕಟ್ಟಿ ಹೇಳಿದ್ದು ಆ ಚೀಟಿಯೊಂದೇ. ಅದರಲ್ಲಿ ನಿಜವಾಗಿ ಇರುವುದು: 'ಬಳಸುವ ಮುನ್ನ ಚೆನ್ನಾಗಿ ಅಲ್ಲಾಡಿಸಿ.'