ಕ್ರೇನಣ್ಣನ ಹೊಸ ಕಣ್ಣು

ಅತ್ತೆಯ ಸೂಜಿಗೆ ದಾರ ಪೋಣಿಸಿಕೊಟ್ಟದ್ದೇ ಕ್ರೇನಣ್ಣ ಮಾಡಿದ ತಪ್ಪು.

ಬೆಳಗ್ಗೆ ಆರೂವರೆಗೆ ಮುಖ ತೊಳೆದುಕೊಂಡು ಬಂದಾಗ ಅತ್ತೆ ಕಿಟಕಿಯ ಹತ್ತಿರ ಕೂತು, ಸೂಜಿಯನ್ನು ಬೆಳಕಿಗೆ ಹಿಡಿದು, ದಾರದ ತುದಿಯಿಂದ ಗಾಳಿಯನ್ನು ತಿವಿಯುತ್ತಿದ್ದರು. ನೋಡಿಯೂ ನೋಡದವನ ಹಾಗೆ ಹೋಗಬಹುದಿತ್ತು. ಆದರೆ ಹೊಸದಾಗಿ ಕಣ್ಣು ಬಂದವನಿಗೆ ಸುಮ್ಮನಿರಲು ಆಗುತ್ತದೆಯೇ? "ಕೊಡಿ ಇಲ್ಲಿ" ಎಂದು ಇಸಿದುಕೊಂಡು, ಕನ್ನಡಕವಿಲ್ಲದೆ, ಒಂದೇ ಏಟಿಗೆ ಪೋಣಿಸಿ ಕೈಗಿಟ್ಟ.

ಅತ್ತೆ ಸೂಜಿಯನ್ನು ನೋಡಿದರು, ಅಳಿಯನನ್ನು ನೋಡಿದರು.

"ಅಯ್ಯೋ ಅಳಿಯಂದ್ರೇ! ಒಂದೇ ಸಲಕ್ಕೆ!"

ಆ ಕೂಗು ಮೇಲಿನ ಮಹಡಿಗೂ ಕೆಳಗಿನ ಮಹಡಿಗೂ ಸಮನಾಗಿ ಕೇಳಿಸಿತು. ಕೂಗಿ ಮುಗಿಸಿದವರು ಒಳಗೆ ಹೋಗಿ ಸೂಜಿಗಳ ಡಬ್ಬಿಯನ್ನೇ ತಂದರು. "ಹೇಗೂ ಬಿಡುವಾಗಿದ್ದೀರಿ, ಇವನ್ನೂ ಪೋಣಿಸಿಬಿಡಿ. ಕಪ್ಪು, ಬಿಳಿ, ಕೆಂಪು, ಎಲ್ಲದರಲ್ಲೂ ಎರಡೆರಡು ಇರಲಿ."

ಕ್ರೇನಣ್ಣ ಬಿಡುವಾಗಿರಲಿಲ್ಲ. ಅವನ ಬಾಳಿನಲ್ಲೇ ಅಷ್ಟು ಮುಖ್ಯವಾದ ದಿನ ಇನ್ನೊಂದಿರಲಿಲ್ಲ.

ಕ್ರೇನಣ್ಣ ಅನ್ನುವುದು ಹೆತ್ತವರಿಟ್ಟ ಹೆಸರಲ್ಲ. ಕಬ್ಬಿಣದ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ ಕ್ರೇನು ನಡೆಸಿದ್ದಕ್ಕೆ ಅಂಟಿಕೊಂಡದ್ದು. ನೆಲದಿಂದ ಮೂವತ್ತು ಅಡಿ ಮೇಲೆ ಗಾಜಿನ ಕ್ಯಾಬಿನ್ನು, ಒಳಗೆ ಒಂದು ಕುರ್ಚಿ, ಮೂರು ಲಿವರ್ರು. ಎರಡನೆಯ ಕುರ್ಚಿಗೆ ಅಲ್ಲಿ ಜಾಗವೇ ಇಲ್ಲ. ಯಾರೂ ಏಣಿ ಹತ್ತಿ ಬಂದು "ಒಂಚೂರು ಇದು ನೋಡಿ" ಅನ್ನುವುದಿಲ್ಲ. ಗುಂಪಿನಲ್ಲಿ ಉಸಿರು ಕಟ್ಟುವ ಜಾತಿಯ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಸುಖ ಇನ್ನೇನು ಬೇಕು? ಆದರೆ ಎರಡೂ ಕಣ್ಣಿಗೆ ಪೊರೆ ಬಂದು, ಕೆಳಗೆ ತೂಗುವ ಕೊಕ್ಕೆ ಒಂದಿದ್ದದ್ದು ಎರಡಾಗಿ ಕಾಣತೊಡಗಿದಾಗ ಮ್ಯಾನೇಜರು ಅವನನ್ನು ಕೆಳಗಿಳಿಸಿ ಸ್ಟೋರಿನಲ್ಲಿ ಕೂರಿಸಿದರು. ಅಲ್ಲಿ ಐದು ಮೇಜು, ಒಂಬತ್ತು ಬಾಯಿ. ಎಂಟು ತಿಂಗಳು ಅವನು ಅದನ್ನು ಹಲ್ಲು ಕಚ್ಚಿ ಸಹಿಸಿದ್ದ.

ಕಣ್ಣಾಸ್ಪತ್ರೆಯ ಡಾಕ್ಟರು ಪೊರೆ ತೆಗೆದು ಕಣ್ಣೊಳಗೆ ಕೂರಿಸಲು ಎರಡು ಬಗೆಯ ಲೆನ್ಸು ಇವೆ ಅಂದಿದ್ದರು. "ಒಂದು ಹಾಕಿದ್ರೆ ದೂರದ್ದು ಚೆನ್ನಾಗಿ ಕಾಣುತ್ತೆ, ಓದೋಕೆ ಕನ್ನಡಕ ಬೇಕು. ಇನ್ನೊಂದು ಹೊಸದು. ಕಣ್ಣೊಳಗಿನ ಸ್ನಾಯು ಎಳೆದ ಹಾಗೆ ತಾನೂ ಬಾಗುತ್ತೆ. ದೂರ ನೋಡಿದ್ರೆ ದೂರಕ್ಕೆ, ಹತ್ತಿರ ನೋಡಿದ್ರೆ ಹತ್ತಿರಕ್ಕೆ ಹೊಂದ್ಕೊಳ್ಳುತ್ತೆ. ಪ್ರಾಯದಲ್ಲಿ ಇರ್ತಿತ್ತಲ್ಲ, ಹಾಗೆ."

ಕ್ರೇನಣ್ಣನಿಗೆ ದೂರದ್ದು ಕಂಡರೆ ಸಾಕಿತ್ತು. ಲಿವರುಗಳನ್ನು ಕೈಯೇ ಬಲ್ಲದು. ಆದರೆ ಹೆಂಡತಿ ಬಿಡಲಿಲ್ಲ. "ಇರೋದೇ ಎರಡು ಕಣ್ಣು. ಅದ್ರಲ್ಲೂ ಅರೆಬರೆ ಯಾಕ್ರೀ?" ಎಂದು ಹೊಸದನ್ನೇ ಹಾಕಿಸಿದಳು.

ಇವತ್ತು ನಾಲ್ಕು ಗಂಟೆಗೆ ಕಂಪನಿ ಡಾಕ್ಟರ ಹತ್ತಿರ ಕಣ್ಣಿನ ಪರೀಕ್ಷೆ. ಪಾಸಾದರೆ ಸೋಮವಾರದಿಂದ ಮೇಲೆ. ಇಲ್ಲದಿದ್ದರೆ ಮತ್ತೆ ಪರೀಕ್ಷೆ ಇನ್ನೊಂದು ವರ್ಷಕ್ಕೆ. ಪರೀಕ್ಷೆ ಮುಗಿಯುವವರೆಗೆ ಕಣ್ಣನ್ನು ದಣಿಸಬಾರದು ಎಂದು ಅವನು ಹಿಂದಿನ ದಿನದ ಪತ್ರಿಕೆಯನ್ನೂ ಮುಟ್ಟಿರಲಿಲ್ಲ.

ಆರನೆಯ ಸೂಜಿ ಪೋಣಿಸುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಕೈಯಲ್ಲಿ ಮಾತ್ರೆಯ ಪೆಟ್ಟಿಗೆಯೊಳಗೆ ಮಡಚಿ ಇಟ್ಟಿರುತ್ತಾರಲ್ಲ, ಆ ಕಾಗದ. ಬಿಡಿಸಿದರೆ ಟವೆಲಿನಷ್ಟು ಅಗಲ, ಅಕ್ಷರ ಮಾತ್ರ ಧೂಳಿನಷ್ಟು.

"ಏನಪ್ಪಾ, ಕಣ್ಣು ಭರ್ಜರಿಯಾಗಿದೆಯಂತೆ! ಇದನ್ನ ಓದಪ್ಪ. ಎರಡು ವರ್ಷದಿಂದ ನುಂಗ್ತಾ ಇದ್ದೀನಿ, ಏನು ನುಂಗ್ತಿದ್ದೀನಿ ಅಂತಾನೇ ಗೊತ್ತಿಲ್ಲ."

"ಮೇಷ್ಟ್ರೇ, ಇವತ್ತು ನನಗೆ..."

"ಎರಡೇ ನಿಮಿಷ."

ಕ್ರೇನಣ್ಣ ಓದಿದ. "ಕೆಲವರಲ್ಲಿ ತಲೆನೋವು ಬರಬಹುದು."

"ನನಗಿದೆ" ಎಂದರು ಮೇಷ್ಟ್ರು ಉತ್ಸಾಹದಿಂದ.

"ಬಾಯಿ ಒಣಗಬಹುದು."

"ಅದೂ ಇದೆ! ಮುಂದೆ?"

ಅಪರೂಪಕ್ಕೆ, ಅತಿ ಅಪರೂಪಕ್ಕೆ, ಹತ್ತು ಸಾವಿರದಲ್ಲಿ ಒಬ್ಬರಿಗೆ ಎಂದು ಬರೆದಿದ್ದ ಕಾಯಿಲೆಗಳೂ ಮೇಷ್ಟ್ರಿಗೆ ಇದ್ದವು. ಒಂದೊಂದರ ಇತಿಹಾಸವನ್ನೂ ಹೇಳಿದರು. ಹೆರಿಗೆಯ ನಂತರ ಕಾಣಿಸುವ ಒಂದು ತೊಂದರೆಯನ್ನು ಮಾತ್ರ ಒಲ್ಲದ ಮನಸ್ಸಿನಿಂದ ಬಿಟ್ಟುಕೊಟ್ಟರು. ಅಷ್ಟರಲ್ಲಿ ಎದುರು ಮನೆಯಾಕೆ ಬೆರಳಿಗೆ ಚುಚ್ಚಿದ ಮರದ ಸಿಬಿರು ಹಿಡಿದುಕೊಂಡು, ಅಂದರೆ ಬೆರಳು ಹಿಡಿದುಕೊಂಡು, ಬಂದು ನಿಂತಿದ್ದಳು.

"ಅಣ್ಣಾ, ಆಸ್ಪತ್ರೆಗೆ ಹೋಗೋ ಬದಲು ಇಲ್ಲಿಗೇ ಬಂದೆ" ಎಂದಳು, ಉಪಕಾರ ಮಾಡಿದವರ ಹಾಗೆ.

ಸಿಬಿರು ತೆಗೆದಾಯಿತು. ಒಳಗಿನಿಂದ ಹೆಂಡತಿ ಕೂಗಿದಳು. "ರೀ, ಎಲ್ಲಾರ ಕೆಲಸ ಮಾಡ್ತಾ ಕೂತ್ಕೋಬೇಡಿ. ಇವತ್ತು ಪರೀಕ್ಷೆ ಇದೆ, ಕಣ್ಣಿಗೆ ರೆಸ್ಟ್ ಕೊಡಿ!" ಹೀಗೆ ಕೂಗಿದವಳೇ ಹೊರಗೆ ಬಂದು ಐದು ಬಿಸ್ಕತ್ತಿನ ಪೊಟ್ಟಣಗಳನ್ನು ಅವನ ಮುಂದೆ ಸುರಿದಳು. "ಇದ್ರಲ್ಲಿ ತಾರೀಕು ಮುಗಿದಿರೋದು ಯಾವ್ದು ಅಂತ ಒಂಚೂರು ಹೇಳಿಬಿಡಿ."

ಕ್ರೇನಣ್ಣ ಊಟದ ಡಬ್ಬಿ ಹಿಡಿದು ಓಡಿದ.

ಬಸ್ ನಿಲ್ದಾಣದಲ್ಲಾದರೂ ನೆಮ್ಮದಿ ಸಿಗುತ್ತದೆ ಎಂದುಕೊಂಡಿದ್ದ. ಅಲ್ಲಿ ಯಾರೂ ಏನೂ ಓದುವುದಿಲ್ಲ. ಆದರೆ ರಸ್ತೆಯ ತುದಿಯಲ್ಲಿ ಬಸ್ಸೊಂದು ತಿರುಗಿದಾಗ ಬಾಯಿ ತಡೆಯದೆ "ಏಳು ಬಂತು" ಅಂದುಬಿಟ್ಟ. ಪಕ್ಕದಲ್ಲಿದ್ದ ಅಜ್ಜಿ ಕಣ್ಣು ಕಿರಿದುಮಾಡಿ ನೋಡಿದರು. ಬಸ್ಸು ಹತ್ತಿರ ಬಂತು. ಏಳೇ.

"ಅಷ್ಟು ದೂರದಿಂದ ಕಾಣ್ತಾ ಮಗಾ? ಹಾಗಾದ್ರೆ ಹನ್ನೊಂದು ಬಂದಾಗ ಹೇಳು."

"ನನಗೆ ಹದಿನೈದು" ಎಂದರು ಇನ್ನೊಬ್ಬರು. "ನಂದು ಮೂರು, ಬೋರ್ಡು ಹಸಿರಾಗಿದ್ರೆ ಮಾತ್ರ" ಎಂದರು ಮತ್ತೊಬ್ಬರು. ಕ್ರೇನಣ್ಣ ರಸ್ತೆಯ ಅಂಚಿಗೆ ನಿಂತು ಒಂದೊಂದಾಗಿ ಕೂಗಿ ಎಲ್ಲರನ್ನೂ ಹತ್ತಿಸಿದ. ಅಜ್ಜಿಯ ಚೀಲವನ್ನು ಹನ್ನೊಂದರೊಳಗೆ ಎತ್ತಿಕೊಡುತ್ತಿದ್ದಾಗ ಅದರ ಹಿಂದೆಯೇ ಅವನ ಒಂಬತ್ತು ಬಂದು, ನಿಂತು, ಹೊರಟೂ ಹೋಯಿತು. ಅದನ್ನು ಕೂಗಿ ಹೇಳುವವರು ಒಬ್ಬರೂ ಉಳಿದಿರಲಿಲ್ಲ.

ಗೋದಾಮು ತಲುಪಿದಾಗ ಅರ್ಧ ಗಂಟೆ ತಡ. ಸುದ್ದಿ ಮಾತ್ರ ತಡವಾಗಿರಲಿಲ್ಲ. ಎದುರು ಮನೆಯಾಕೆಯ ತಂಗಿ ಗೋದಾಮಿನ ಟೈಪಿಸ್ಟು. ಸ್ಟೋರಿನ ಯಜಮಾನರು ಬಾಗಿಲಲ್ಲೇ ಕಾಯುತ್ತಿದ್ದರು. ಇವರಿಗೆ ಎಲ್ಲರೂ ಹಿಂದಿನಿಂದ ಜಿಗಣೆ ಅನ್ನುತ್ತಿದ್ದರು. ಹಿಡಿದದ್ದನ್ನು ಬಿಟ್ಟವರಲ್ಲ.

"ಬನ್ನಿ ಬನ್ನಿ! ಮನೇಲಿ ಸಿಬಿರು ತೆಗೀತೀರಿ, ಇಲ್ಲಿ ಬಾಯಿ ಮುಚ್ಕೊಂಡು ಕೂರ್ತೀರಿ. ಇದು ನ್ಯಾಯಾನಾ?"

ಒಂದು ತಟ್ಟೆಯ ತುಂಬ ವಾಷರುಗಳನ್ನು ತಂದು ಮೇಜಿನ ಮೇಲಿಟ್ಟರು. ನಾಲ್ಕಾಣೆ ನಾಣ್ಯದಷ್ಟು ಚಿಕ್ಕ ಕಬ್ಬಿಣದ ಬಳೆಗಳು. ಅಂಚಿನಲ್ಲಿ ಅಳತೆಯ ಸಂಖ್ಯೆ ಕೆತ್ತಿರುತ್ತದೆ. ಯಾರಿಗೂ ಓದಲಾಗದೆ ನಾಲ್ಕು ವರ್ಷದಿಂದ ಬೆರೆತು ಬಿದ್ದಿದ್ದವು.

"ನಾನು ಓದೋದು, ಬೇರೆ ಮಾಡೋದು ನೀವು. ಅಲ್ಲ ಅಲ್ಲ. ನೀವು ಓದೋದು, ಬೇರೆ ಮಾಡೋದೂ ನೀವೇ."

"ನಾಲ್ಕು ಗಂಟೆಗೆ ನನಗೆ ಕಣ್ಣಿನ ಪರೀಕ್ಷೆ ಇದೆ, ಯಜಮಾನ್ರೇ."

"ಒಳ್ಳೇದೇ ಆಯ್ತಲ್ಲ, ಅಭ್ಯಾಸ ಆಗುತ್ತೆ."

ಹನ್ನೆರಡು, ಹದಿನಾಲ್ಕು, ಹತ್ತು, ಹನ್ನೆರಡು. ನಡುವೆ ಟೈಪಿಸ್ಟು ಬಂದು ಕಿವಿಯೋಲೆಯ ತಿರುಪು ಬಿದ್ದುಹೋಗಿದೆ ಎಂದಳು. ಕ್ರೇನಣ್ಣ ನೆಲದ ಮೇಲೆ ನಾಲ್ಕು ಕಾಲಿನಲ್ಲಿ ತೆವಳಿ ಹುಡುಕಿಕೊಟ್ಟ. ಕ್ಯಾಷಿಯರು ಬಂದು ಕತ್ತು ಬಗ್ಗಿಸಿ, "ಹಿಂದೆ ಒಂದು ಮಚ್ಚೆ ಇದೆಯಂತೆ. ದೊಡ್ಡದಾಗಿದ್ಯಾ ನೋಡಿ" ಎಂದರು. ಮೊದಲು ಎಷ್ಟಿತ್ತು ಎಂದು ಕೇಳಿದರೆ, "ನನಗೆ ಹೇಗೆ ಗೊತ್ತಾಗಬೇಕು, ನನ್ನ ಕತ್ತು ನನಗೆ ಕಾಣುತ್ತಾ?" ಎಂದು ರೇಗಿದರು.

ಊಟದ ಹೊತ್ತಿಗೆ ಜಿಗಣೆಯವರು ಕ್ರೇನಣ್ಣನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು.

"ನಿಮ್ಮಂಥೋರನ್ನ ಕ್ರೇನು ಹತ್ತಿಸೋದು ಬಂಗಾರದ ಚಮಚದಲ್ಲಿ ಮಣ್ಣು ತೋಡಿದ ಹಾಗೆ. ಈಗಲೇ ಮ್ಯಾನೇಜರ ಹತ್ರ ಹೋಗ್ತೀನಿ. ನಿಮ್ಮನ್ನ ಸ್ಟೋರಿಗೇ ಕಾಯಂ ಮಾಡಿಸ್ತೀನಿ, ಆಯ್ತಾ? ಥ್ಯಾಂಕ್ಸ್ ಏನೂ ಹೇಳ್ಬೇಡಿ."

ಹೋದರು. ಇಪ್ಪತ್ತು ನಿಮಿಷದಲ್ಲಿ ಬಂದರು. "ಮಾತಾಡಿದ್ದೀನಿ" ಎಂದಷ್ಟೇ ಹೇಳಿ ಇನ್ನೊಂದು ತಟ್ಟೆ ಇಟ್ಟರು.

ಕ್ರೇನಣ್ಣ ಊಟದ ಡಬ್ಬಿಯ ಮುಚ್ಚಳವನ್ನು ಮತ್ತೆ ಹಾಕಿದ. ಎಂಥಾ ಅನ್ಯಾಯ! ಕಣ್ಣು ಇಲ್ಲದಿದ್ದಾಗ ಕೆಳಗಿಳಿಸಿದರು, ಸರಿ. ಕಣ್ಣು ಬಂದದ್ದಕ್ಕೂ ಕೆಳಗೇ ಇಡುವುದೇ? ಇದಕ್ಕೆಲ್ಲ ಕಾರಣ ಈ ಹಾಳು ಹತ್ತಿರದ ನೋಟ. ಹತ್ತಿರದ್ದು ಕಾಣುತ್ತದೆ ಅಂತಲ್ಲವೇ ಎಲ್ಲರೂ ಮೇಲೆ ಬೀಳುವುದು? ಕಾಣುವುದಿಲ್ಲ ಅಂದುಬಿಟ್ಟರೆ? ಕ್ರೇನಿಗೆ ಬೇಕಾದ್ದು ದೂರ. ದೂರದ್ದನ್ನು ಚೆನ್ನಾಗಿ ಓದಿ, ಹತ್ತಿರದ್ದು ಕಾಣಲ್ಲ ಅಂತ ಕೈಯೆತ್ತಿಬಿಟ್ಟರೆ ಸ್ಟೋರಿನವರಿಗೂ ಬೇಡವಾದೆ, ಮೇಲಕ್ಕೂ ಹತ್ತಿದೆ. ಡಾಕ್ಟರೇ ಬರೆದುಕೊಟ್ಟ ಮೇಲೆ ಜಿಗಣೆಯ ಮಾತಿಗೆ ಏನು ಬೆಲೆ? ಇಪ್ಪತ್ತೆರಡು ವರ್ಷದಲ್ಲಿ ಒಂದು ಸುಳ್ಳು ಹೇಳದವನು ತನ್ನ ಬುದ್ಧಿಗೆ ತಾನೇ ಬೆರಗಾದ.

ಕಂಪನಿ ಡಾಕ್ಟರು ಮಾತು ಕಡಿಮೆಯ ಹೆಂಗಸು. ಎದುರು ಗೋಡೆಯ ಪಟ ತೋರಿಸಿದರು. ಕಣ್ಣು ದಣಿದು ನೀರು ಸುರಿಯುತ್ತಿದ್ದರೂ ಕ್ರೇನಣ್ಣ ಮೇಲಿಂದ ಕೆಳಗಿನವರೆಗೆ ಓದಿದ. ಕೊನೆಯ ಸಾಲು ಮುಗಿದ ಮೇಲೆ, ಪಟ ಅಚ್ಚು ಹಾಕಿದವರ ವಿಳಾಸವನ್ನೂ ಓದಿದ.

"ಸಾಕು, ಸಾಕು" ಎಂದು ಡಾಕ್ಟರು ಒಂದು ಕಾರ್ಡನ್ನು ಕೈಗೆ ಕೊಟ್ಟರು. "ಇದನ್ನ ಓದಿ."

ಕ್ರೇನಣ್ಣ ಕಾರ್ಡನ್ನು ಮೂಗಿಗೆ ತಂದ, ತೋಳುದ್ದ ಹಿಡಿದ, ಅಡ್ಡ ತಿರುಗಿಸಿದ. "ಇರುವೆ ಹರಿದಾಡಿದ ಹಾಗಿದೆ, ಡಾಕ್ಟ್ರೇ."

"ಮೇಲಿನ ದಪ್ಪ ಅಕ್ಷರ?"

"ಜಿರಳೆ."

ಡಾಕ್ಟರು ಅವನ ಮುಖವನ್ನೇ ನೋಡಿದರು. "ಈ ಲೆನ್ಸ್ ಹಾಕಿಸ್ಕೊಂಡೋರಿಗೆ ಹತ್ತಿರದ್ದೂ ಕಾಣಬೇಕಲ್ಲ?"

"ಎಲ್ಲರ ಹಣೆಬರಹ ಒಂದೇ ಥರ ಇರುತ್ತಾ, ಡಾಕ್ಟ್ರೇ? ಕ್ರೇನಿಗೆ ದೂರ ಕಂಡ್ರೆ ಸಾಕಲ್ವಾ?"

"ನೀವು ಹೇಳಿದ್ದನ್ನ ನಾನು ಬರೀತೀನಿ. ಮಿಕ್ಕಿದ್ದು ನಿಮ್ಮ ಮ್ಯಾನೇಜರಿಗೆ ಬಿಟ್ಟಿದ್ದು."

ವರದಿಯನ್ನು ಹಿಡಿದು ಕ್ರೇನಣ್ಣ ಮ್ಯಾನೇಜರ ಕೋಣೆಗೆ ಹೋದದ್ದು ನಡೆದಲ್ಲ, ತೇಲಿಕೊಂಡು. ಸೋಮವಾರ ಏಣಿ ಹತ್ತಿ, ಬಾಗಿಲು ಹಾಕಿಕೊಂಡು, ಮೊದಲು ಹತ್ತು ನಿಮಿಷ ಸುಮ್ಮನೆ ಕೂರಬೇಕು ಎಂದು ನಿರ್ಧರಿಸಿದ್ದ.

ಮ್ಯಾನೇಜರು ವರದಿಯನ್ನು ಓದಿದರು. ಮತ್ತೊಮ್ಮೆ ಓದಿದರು. ಅವರ ಮುಖ ಇಳಿಯಿತು.

"ಏನ್ರೀ ಇದು? ಹತ್ತಿರದ್ದು ಕಾಣಲ್ವಾ?"

"ಒಂದಕ್ಷರಾನೂ ಕಾಣಲ್ಲ ಸಾರ್. ದೂರದ್ದು ಮಾತ್ರ ಹದ್ದಿನ ಕಣ್ಣು."

"ಛೇ. ಮಧ್ಯಾಹ್ನ ಆ ಸ್ಟೋರಿನವರು ಬಂದು ನಿಮ್ಮನ್ನ ತಮಗೇ ಕೊಡಿ ಅಂತ ಗಂಟು ಬಿದ್ರು. ಕ್ರೇನಣ್ಣನ್ನ ಕ್ರೇನು ಬಿಟ್ಟು ಇನ್ನೆಲ್ಲೂ ಹಾಕಲ್ಲ, ಹೋಗ್ರೀ ಅಂತ ಬೈದು ಕಳಿಸಿದ್ದೆ."

ಕ್ರೇನಣ್ಣನ ನಗು ಮುಖದ ಮೇಲೇ ನಿಂತುಬಿಟ್ಟಿತು. "ಹಾಗಾದ್ರೆ... ಸೋಮವಾರ..."

"ಎಲ್ಲಿಯ ಸೋಮವಾರ? ಹೋದ ಭಾನುವಾರ ಗೋದಾಮು ಮುಚ್ಚಿದ್ದಾಗ ಕ್ಯಾಬಿನ್ನಿಗೆ ಟೀವಿ ಥರದ ಹೊಸ ಪರದೆ ಕೂರಿಸಿದ್ದಾರೆ. ಎಷ್ಟು ಭಾರ ಎತ್ತಿದೆ, ಸರಪಳಿ ಎಷ್ಟು ಬಿಗಿಯಾಗಿದೆ, ಎಲ್ಲಾ ಅದರಲ್ಲೇ ಬರುತ್ತೆ. ಸಾಸಿವೆಯಷ್ಟು ಅಕ್ಷರ. ಕೊಕ್ಕೆ ನೋಡ್ಬೇಕು, ಪರದೆ ನೋಡ್ಬೇಕು, ಮತ್ತೆ ಕೊಕ್ಕೆ ನೋಡ್ಬೇಕು. ಕನ್ನಡಕ ಹಾಕಿ ತೆಗೆಯೋಷ್ಟರಲ್ಲಿ ಕೆಳಗಿದ್ದೋರ ತಲೆ ಮೇಲೆ ಕಂಬಿ ಬಿದ್ದಿರುತ್ತೆ. ನೀವು ಆ ಹೊಸ ಲೆನ್ಸ್ ಹಾಕಿಸ್ಕೊಂಡಿದ್ದೀರಿ ಅಂತ ಕೇಳಿ, ನಿಮಗೋಸ್ಕರಾನೇ ಮಾಡಿಸಿದ ಹಾಗಿದೆ ಅಂದ್ಕೊಂಡಿದ್ದೆ."

"ಸಾರ್! ಕಾಣುತ್ತೆ ಸಾರ್!" ಕ್ರೇನಣ್ಣ ಮೇಜಿನ ಮೇಲೆ ಬಾಗಿ, ಮ್ಯಾನೇಜರ ಕೈಯಲ್ಲಿದ್ದ ವರದಿಯ ಅಡಿಯಲ್ಲಿ ಅಚ್ಚಾಗಿದ್ದ ಅತಿ ಸಣ್ಣ ಸಾಲನ್ನು ತಲೆಕೆಳಗಾಗಿಯೇ ಗಡಗಡ ಓದಿದ. "ಈ ವರದಿ ಒಂದು ವರ್ಷದ ಅವಧಿಗೆ ಮಾನ್ಯವಾಗಿರುತ್ತದೆ. ಯಾವುದೇ ತಿದ್ದುಪಡಿಗೆ ಅವಕಾಶವಿರುವುದಿಲ್ಲ."

ಓದಿ ಮುಗಿಸಿದ ಮೇಲೆ ಅದರ ಅರ್ಥ ಆಯಿತು.

ಮ್ಯಾನೇಜರು ವರದಿಯನ್ನು ಮೇಜಿನ ಮೇಲಿಟ್ಟರು. "ಅಂದ್ರೆ, ಸುರಕ್ಷತಾ ಪರೀಕ್ಷೇಲಿ ಡಾಕ್ಟ್ರ ಮುಂದೆ ಸುಳ್ಳು ಹೇಳಿದ್ರಾ?"

"ಅದು... ಸಾರ್..."

"ಯೋಚನೆ ಮಾಡಿ ಹೇಳಿ. ಕಾಣಲ್ಲ ಅಂದ್ರೆ ಒಂದು ವರ್ಷ ಕೆಳಗೆ. ಕಾಣುತ್ತೆ ಅಂದ್ರೆ ಸುಳ್ಳು ಹೇಳಿದ್ದಕ್ಕೆ ಕ್ರೇನು ಹತ್ತೋ ಹಾಗೇ ಇಲ್ಲ, ಜನ್ಮದಲ್ಲಿ. ಯಾವುದು ಬರ್ಕೊಳ್ಳಲಿ?"

ಗಾಜಿನ ಕ್ಯಾಬಿನ್ನು ಕಿಟಕಿಯಾಚೆ ಮೂವತ್ತು ಅಡಿ ಮೇಲೆ ಹೊಳೆಯುತ್ತಿತ್ತು. ಕ್ರೇನಣ್ಣನಿಗೆ ಅದರ ಬಾಗಿಲಿನ ತಿರುಪುಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು.

"ಕಾಣಲ್ಲ ಸಾರ್" ಎಂದ.

ಸ್ಟೋರಿಗೆ ಮರಳಿದಾಗ ಜಿಗಣೆಯವರು ಮೂರನೆಯ ತಟ್ಟೆಯನ್ನು ಅವನ ಮೇಜಿನ ಮೇಲೆ ಸಜ್ಜುಮಾಡಿಟ್ಟಿದ್ದರು.

"ನನಗೆ ಹತ್ತಿರದ್ದು ಕಾಣಲ್ಲ, ಯಜಮಾನ್ರೇ. ಡಾಕ್ಟ್ರೇ ಬರೆದುಕೊಟ್ಟಿದ್ದಾರೆ" ಎಂದ ಕ್ರೇನಣ್ಣ, ಉಳಿದಿದ್ದ ಒಂದೇ ಒಂದು ಆಸೆಯನ್ನು ಹಿಡಿದುಕೊಂಡು.

"ಅಯ್ಯೋ, ಬರೀಲಿ ಬಿಡಿ!" ಜಿಗಣೆಯವರು ಅವನ ಬೆನ್ನು ತಟ್ಟಿ ಕುರ್ಚಿ ಎಳೆದುಕೊಟ್ಟರು. "ಆಕೆ ನಿಮ್ಮನ್ನ ನೋಡಿದ್ದು ಹತ್ತು ನಿಮಿಷ. ನಾನು ಬೆಳಗ್ಗಿನಿಂದ ನೋಡ್ತಾ ಇದ್ದೀನಿ. ಯಾರು ಏನೇ ಹೇಳಲಿ, ನಿಮ್ಮ ಕಣ್ಣಿನ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ."

ಕ್ರೇನಣ್ಣ ಕೂತ. ಮೊದಲನೆಯ ವಾಷರನ್ನು ಎತ್ತಿ ಬೆಳಕಿಗೆ ಹಿಡಿದ.

"ಹದಿನಾಲ್ಕು" ಎಂದ.